ನಿಮ್ಮ ಹಾಫಿಜ್ ಲೇಖನದಲ್ಲಿ ಜಿಂಕೆ ಕಾಣೆಯಾಗಿದೆ

ನಮಸ್ಕಾರ.

‘ಹಾಫಿಜನ ಮಧುಶಾಲೆ: ಒಂದು ಆಧ್ಯಾತ್ಮಿಕ ನೋಟ’ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ಬಸ್ಸಿನಲ್ಲಿ, ಎರಡನೇ ಸಲ ಸಿಟ್ಟಿನಲ್ಲಿ.

ಭಾಷೆ ಚೊಕ್ಕವಾಗಿದೆ. ಕಾಗುಣಿತದ ತಪ್ಪು ಒಂದೂ ಇಲ್ಲ. ಹದಿನಾಲ್ಕನೇ ಶತಮಾನದ ಫಾರಸಿ ಕವಿ ಹಾಫಿಜ್, ಅವನ ಊರು ಶಿರಾಜ್ ಬಗ್ಗೆ ಕನ್ನಡದಲ್ಲಿ ಎಂಟು ಪುಟ ಬರೆಯುವ ಉಮೇದು ಇರುವವರೂ ಜಾಸ್ತಿ ಇಲ್ಲ. ಹೊಗಳಿಕೆ ಇಷ್ಟು ಸಾಕು ಅಂದುಕೊಳ್ಳುತ್ತೇನೆ.

ಒಂದು ಸಣ್ಣ ಕೆಲಸ ಮೊದಲೇ ಮುಗಿಸಿಬಿಡೋಣ. ಸೂರ್ಯ ಭೂಮಿಗೆ ‘ನೀನು ನನಗೆ ಸಾಲಗಾರ’ ಅಂತ ಯಾವತ್ತೂ ಹೇಳಲಿಲ್ಲ ಅನ್ನುವ ಮಾತನ್ನು ನೀವು ತಲೆಬರಹದ ಕೆಳಗೆ ಹಾಕಿದ್ದೀರಿ. ಅದು ಹಾಫಿಜನದ್ದಲ್ಲ. 1990ರ ದಶಕದಲ್ಲಿ ಅಮೆರಿಕದ ಕವಿಯೊಬ್ಬರು ಹಾಫಿಜನ ಹೆಸರು ಹಾಕಿ ಇಂಗ್ಲಿಷಿನಲ್ಲಿ ಬರೆದದ್ದು. ಹಾಫಿಜನ ಕವಿತೆಗಳ 1941ರ ಕಜ್ವೀನಿ–ಗನಿ ಆವೃತ್ತಿಯಲ್ಲಿ 495 ಗಜಲುಗಳಿವೆ, ಅಷ್ಟನ್ನೂ ತಿರುವಿ ಹಾಕಿದರೂ ಸಿಗುವುದಿಲ್ಲ. ತೆಗೆಯಿರಿ.

ಈಗ ಸಿಟ್ಟಿನ ವಿಷಯ. ನಿಮ್ಮ ಲೇಖನದಲ್ಲಿ ‘ಅಂದರೆ’ ಎಂಬ ಪದ ನಲವತ್ತೊಂದು ಸಲ ಬಂದಿದೆ. ಎಣಿಸಿದೆ. ಮದ್ಯ ಅಂದರೆ ದೈವಪ್ರೇಮ. ಮೈಖಾನೆ (ಹೆಂಡದಂಗಡಿ) ಅಂದರೆ ಹೃದಯ. ಸಾಕಿ (ಮದ್ಯ ಸುರಿದುಕೊಡುವವರು) ಅಂದರೆ ಗುರು. ಸಮುದ್ರ ಅಂದರೆ ಸಂಸಾರ. ಇದು ಪರೀಕ್ಷೆಗೆ ಮುಂಚೆ ಹುಡುಗರು ಬಾಯಿಪಾಠ ಮಾಡುವ ‘ಹೊಂದಿಸಿ ಬರೆಯಿರಿ’ ಅಲ್ವಾ? ಒಮ್ಮೆ ಹೊಂದಿಸಿ ಮುಗಿಸಿದ ಮೇಲೆ ಗಜಲು ಯಾಕೆ ಬೇಕು? ಪಟ್ಟಿಯೊಂದೇ ಸಾಕು.

ದಿವಾನಿನ (ಹಾಫಿಜನ ಕವಿತಾಸಂಗ್ರಹದ) ಮೊದಲನೇ ಗಜಲಿನ ಎರಡನೇ ದ್ವಿಪದಿಯನ್ನೇ ಹಿಡಿಯೋಣ. ನೀವು ಬರೆದದ್ದು ಹೀಗೆ: ‘ಇಲ್ಲಿ ಕೇಶರಾಶಿ ಅಂದರೆ ಮಾಯೆ, ಕಸ್ತೂರಿ ಅಂದರೆ ದೈವಜ್ಞಾನ, ಗಾಳಿ ಅಂದರೆ ಗುರುಕೃಪೆ. ಅವಳ ಕೇಶರಾಶಿಯ ಪರಿಮಳಕ್ಕಾಗಿ ಸಾಧಕನ ಮನಸ್ಸು ಹಂಬಲಿಸುತ್ತದೆ.’

ಮೂಲ, ನನ್ನ ಕಿವಿಗೆ ಬಿದ್ದ ಉಚ್ಚಾರದಲ್ಲಿ:

ಬ-ಬೂ-ಎ-ನಾಫಯೀ ಕಾಖಿರ್ ಸಬಾ ಜಾನ್ ತುರ್ರಾ ಬುಗ್ಶಾಯದ್
ಜಿ ತಾಬ್-ಎ-ಜಅದ್-ಎ-ಮುಶ್ಕೀನಶ್ ಚಿ ಖೂನ್ ಉಫ್ತಾದ್ ದರ್ ದಿಲ್‌ಹಾ

ತುರ್ರಾ ಅಂದರೆ ಹಣೆಯ ಮೇಲೆ ಬೀಳುವ ಕೂದಲು. (ಹೌದು, ನಾನೂ ‘ಅಂದರೆ’ ಅಂದೆ. ಪದದ ಅರ್ಥ ಹೇಳುವುದು ಬೇರೆ, ಪದವನ್ನೇ ಅಳಿಸಿಹಾಕುವುದು ಬೇರೆ.) ಮುಂಗುರುಳು ಅನ್ನುವ ಪದ ಇರುವ ಭಾಷೆಯಲ್ಲಿ ನಿಮಗೆ ಕೇಶರಾಶಿ ಯಾಕೆ ಬೇಕಾಯಿತು? ಕೇಶರಾಶಿ ಎಣ್ಣೆಯ ಜಾಹೀರಾತಿನಲ್ಲಿರುತ್ತದೆ. ಗಾಳಿ ಬಂದರೆ ಅಲುಗಾಡುವುದು ಮುಂಗುರುಳು.

ಮುಂದೆ ‘ಬೂ’. ಇದಕ್ಕೆ ವಾಸನೆ ಅಂತಲೂ ಅರ್ಥ, ಆಸೆ ಅಂತಲೂ ಅರ್ಥ. ‘ಬ-ಬೂ-ಎ’ ಅಂದ ಕೂಡಲೇ ಫಾರಸಿ ಕಿವಿಗೆ ‘ವಾಸನೆ ಹಿಡಿದು’, ‘ಸಿಕ್ಕೀತೆಂಬ ಆಸೆಯಿಂದ’ ಎರಡೂ ಒಟ್ಟಿಗೇ ಕೇಳಿಸುತ್ತವೆ. ನಮ್ಮಲ್ಲೂ ಪೂರ್ವಜನ್ಮದ ವಾಸನೆ ಅನ್ನುತ್ತೇವೆ, ಮೂಗಿನ ವಾಸನೆಯನ್ನೂ ಅದೇ ಪದದಿಂದ ಕರೆಯುತ್ತೇವೆ. ಪೂರ್ತಿ ಅದೇ ಅಲ್ಲ, ಆದರೆ ಪಕ್ಕದ ಮನೆ. ನೀವು ‘ಪರಿಮಳ’ ಹಾಕಿ ಆ ಬಾಗಿಲು ಮುಚ್ಚಿದಿರಿ.

‘ನಾಫಾ’ಗೆ ಬಂದಾಗ ನನಗೆ ನಿಜವಾಗಿ ನೋವಾಯಿತು. ನಾಫ್ ಎಂದರೆ ಹೊಕ್ಕುಳು, ನಮ್ಮ ನಾಭಿಯ ನೆಂಟ. ನಾಫಾ ಎಂದರೆ ಕಸ್ತೂರಿ ಮೃಗದ, ಆ ಜಿಂಕೆಯ, ಹೊಟ್ಟೆಯ ಕೆಳಗಿರುವ ಚೀಲ. ಆ ಪ್ರಾಣಿಯ ರಕ್ತವೇ ಅಲ್ಲಿ ಕೂಡಿ ಕಸ್ತೂರಿಯಾಗುತ್ತದೆ ಅಂತ ಫಾರಸಿ ಕವಿಗಳು ನಂಬಿದ್ದರು. ಈಗ ಎರಡನೇ ಸಾಲು ನೋಡಿ: ‘ದಿಲ್‌ಹಾ’, ಹೃದಯಗಳು, ‘ಖೂನ್’, ರಕ್ತ. ಆ ಮುಂಗುರುಳಿನಿಂದ ಬೆಳಗಿನ ಗಾಳಿ ಕೊನೆಗೊಮ್ಮೆ ಬಿಚ್ಚಿ ತರಬಹುದಾದ ಕಸ್ತೂರಿಯ ವಾಸನೆಗೆ ಕಾದು ಕಾದು, ಅದರ ಕಪ್ಪು ಗುಂಗುರಿನ ಸುರುಳಿಗೆ ಸಿಕ್ಕು, ಹೃದಯಗಳಲ್ಲಿ ಎಷ್ಟು ರಕ್ತ ಬಿತ್ತು! ಜಿಂಕೆಯೊಳಗೆ ರಕ್ತ ಕಸ್ತೂರಿಯಾಗುತ್ತದೆ. ಪ್ರೇಮಿಯೊಳಗೆ ಕಸ್ತೂರಿಯ ಆಸೆ ರಕ್ತವಾಗುತ್ತದೆ. ಇಡೀ ದ್ವಿಪದಿ ನಿಂತಿರುವುದು ಈ ತಿರುಗುಮುರುಗಿನ ಮೇಲೆ. ನಿಮ್ಮ ‘ಮನಸ್ಸು ಹಂಬಲಿಸುತ್ತದೆ’ಯಲ್ಲಿ ಒಂದು ಹನಿ ರಕ್ತ ಇಲ್ಲ.

ನಾನು ಇಷ್ಟು ಹಾರಾಡುವುದಕ್ಕೆ ಕಾರಣ ಇದೆ. ಇದೇ ತಪ್ಪು ನಾನು ಇಪ್ಪತ್ತಮೂರನೇ ವಯಸ್ಸಿನಲ್ಲಿ, ಇದೇ ದ್ವಿಪದಿಯಲ್ಲಿ ಮಾಡಿದ್ದೆ. ಕಲಬುರಗಿಯಲ್ಲಿ ಒಂದು ವಾರಪತ್ರಿಕೆಗೆ ಕರಡು ತಿದ್ದುತ್ತಿದ್ದೆ. ಸಂಜೆ ದರ್ಗಾದ ಕಡೆಗಿನ ಗಲ್ಲಿಯಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಫಾರಸಿ ಕಲಿಯಲು ಹೋಗುತ್ತಿದ್ದೆ. ಫೀಸು ಇಲ್ಲ, ದಿನಾ ಅವರ ತರಕಾರಿ ಚೀಲ ಹೊತ್ತು ತರಬೇಕು ಅಷ್ಟೆ. ಎರಡು ತಿಂಗಳಾದ ಮೇಲೆ ನಾನೊಂದು ಅನುವಾದ ಓದಿದೆ: ‘ದಿವ್ಯ ಸುಗಂಧಕ್ಕೆ ಆತ್ಮ ಮೊರೆಯಿಡುತಿದೆ.’ ಅವರು ಬದನೆಕಾಯಿ ಆರಿಸುತ್ತಿದ್ದವರು ಕೈ ನಿಲ್ಲಿಸಿ, ‘ಜಿಂಕೆ ಎಲ್ಲಪಾ?’ ಅಂದರು. ನನಗೆ ಅರ್ಥವಾಗಲಿಲ್ಲ. ‘ನಾಫಾ ತಂದೀ, ಜಿಂಕಿ ಎಲ್ಲಿ ಬಿಟ್ಟಿ?’ ಅಂತ ಇನ್ನೊಮ್ಮೆ ಕೇಳಿದರು. ಆಮೇಲೆ ಒಂದು ವಾರ ಮುಂದಿನ ಸಾಲಿಗೇ ಹೋಗಲಿಲ್ಲ. ದಿನಾ ಹೋದ ಕೂಡಲೇ ಅದೇ ಪ್ರಶ್ನೆ, ಜಿಂಕಿ ಸಿಕ್ತೇನು? ಆ ಮನುಷ್ಯ ಐದು ಹೊತ್ತು ನಮಾಜು ಮಾಡುತ್ತಿದ್ದರು, ಗುರುವಾರ ತಪ್ಪದೆ ದರ್ಗಾಕ್ಕೆ ಹೋಗುತ್ತಿದ್ದರು. ಹಾಫಿಜನ ಮದ್ಯ ಬರೀ ಮದ್ಯ ಅಂತ ಹೇಳುವ ಪೈಕಿ ಅಲ್ಲವೇ ಅಲ್ಲ. ಆದರೆ ಜಿಂಕೆ ಬಿಟ್ಟು ಅವರು ದೇವರ ಹತ್ತಿರ ಹೋಗಲು ತಯಾರಿರಲಿಲ್ಲ.

ಸೂಫಿ ಅರ್ಥ ಹೇಳಲೇಬೇಡಿ ಅಂತ ನಾನು ಹೇಳುತ್ತಿಲ್ಲ, ಗಮನಿಸಿ. ಕಣ್ಣು, ತುಟಿ, ಕುರುಳು, ಮಚ್ಚೆ, ಮದ್ಯ, ದೀಪ, ಜನಿವಾರ ಇವೆಲ್ಲ ಏನನ್ನು ಸೂಚಿಸುತ್ತವೆ ಅಂತ ಖುರಾಸಾನಿನಿಂದ ಬಂದ ಪ್ರಶ್ನೆಗಳಿಗೆ ಸೂಫಿ ಕವಿ ಮಹಮೂದ್ ಶಬಿಸ್ತರಿ 1317ರಲ್ಲೇ ‘ಗುಲ್ಶನ್-ಎ-ರಾಜ್’ ಕಾವ್ಯದಲ್ಲಿ ಉತ್ತರ ಬರೆದ. ನಿಮ್ಮ ಪಟ್ಟಿಯ ಮೂಲ ಅಲ್ಲಿದೆ, ನೀವು ಹೆಸರು ಹೇಳಲಿಲ್ಲ ಅಷ್ಟೆ. ಆದರೆ ಅದೇ ಶಬಿಸ್ತರಿ, ಜಗತ್ತು ಕುರುಳಿನ ಹಾಗೆ, ಮಚ್ಚೆಯ ಹಾಗೆ, ಹುಬ್ಬಿನ ಹಾಗೆ, ಪ್ರತಿಯೊಂದೂ ಅದರದರ ಜಾಗದಲ್ಲಿ ಚೆಂದ ಅನ್ನುತ್ತಾನೆ. ಅದರದರ ಜಾಗದಲ್ಲಿ! ನೀವು ಕುರುಳನ್ನು ಹಣೆಯ ಮೇಲಿಂದ ಕಿತ್ತು ಪಟ್ಟಿಯಲ್ಲಿ ಅಂಟಿಸಿದಿರಿ.

ಮೂರನೇ ಪುಟದಲ್ಲಿ ಇನ್ನೊಂದು. ಪೀರ್-ಎ-ಮುಗಾನ್ ಹೇಳಿದರೆ ನಮಾಜಿನ ಚಾಪೆಯನ್ನು ಮದ್ಯದಲ್ಲಿ ಅದ್ದಿ ಬಣ್ಣ ಹಾಕು ಅನ್ನುವ ದ್ವಿಪದಿಗೆ ನೀವು ‘ಗುರು ಹೇಳಿದರೆ ಪ್ರಾರ್ಥನೆಯನ್ನು ಪ್ರೇಮದಿಂದ ತುಂಬು’ ಅಂತ ಬರೆದಿದ್ದೀರಿ. ಇದರಲ್ಲಿ ಬೆಚ್ಚಿಬೀಳುವಂಥದ್ದು ಏನಿದೆ? ಯಾವ ಗುರುವೂ ಹೇಳುವ ಮಾತು. ಮುಗಾನ್ ಅಂದರೆ ಅಗ್ನಿಪೂಜಕರು, ಮುಸ್ಲಿಮರಿಗೆ ಮದ್ಯ ನಿಷಿದ್ಧವಾದ್ದರಿಂದ ಮಾರುತ್ತಿದ್ದವರಲ್ಲಿ ಅವರಿದ್ದರು. ಹೆಂಡದ ಅಂಗಡಿಯ ಮುದುಕ ಯಜಮಾನನನ್ನು ಪೀರ್ (ಸೂಫಿ ಗುರು) ಅಂತ ಕರೆದು, ಚಾಪೆ ಹಾಳುಮಾಡಲು ಅವನ ಅಪ್ಪಣೆ ಸಾಕು ಅನ್ನುತ್ತಿದ್ದಾನೆ ಕುರಾನ್ ಪೂರ್ತಿ ಬಾಯಿಪಾಠವಿದ್ದ ಮನುಷ್ಯ. (ಹಾಫಿಜ್ ಅನ್ನುವ ಹೆಸರಿನ ಅರ್ಥವೇ ಅದು.) ಮದ್ಯ ಮೊದಲಿಂದಲೇ ಪವಿತ್ರವಾದರೆ ಚಾಪೆಗೆ ಕಲೆ ಹತ್ತುವುದು ಹೇಗೆ?

ಹಾಗೇ ಮೈಖಾನೆ. 1353ರಲ್ಲಿ ಮುಬಾರಿಜುದ್ದೀನ್ ಎಂಬ ದೊರೆ ಶಿರಾಜ್ ಗೆದ್ದು ಹೆಂಡದಂಗಡಿಗಳಿಗೆ ಬೀಗ ಹಾಕಿಸಿದ. ಜನ ಅವನಿಗೆ ‘ಮುಹ್ತಸಿಬ್’, ನೀತಿ ಕಾಯುವ ಪೊಲೀಸ, ಅಂತ ಅಡ್ಡಹೆಸರಿಟ್ಟರು. 1358ರಲ್ಲಿ ಸ್ವಂತ ಮಗನೇ ಅವನನ್ನು ಇಳಿಸಿ ಕುರುಡು ಮಾಡಿಸಿದ. ‘ಮೈಖಾನೆಯ ಬಾಗಿಲು ಮುಚ್ಚಿದರು, ದೇವರೇ ಒಪ್ಪಬೇಡ, ಮೋಸ ಕಪಟದ ಮನೆಯ ಬಾಗಿಲು ತೆಗೆಯುತ್ತಾರೆ’ ಅನ್ನುವ ಸಾಲನ್ನು ಆ ಕಾಲದ ಜೊತೆ ಸೇರಿಸಿಯೇ ಓದುವ ರೂಢಿ. ಮೈಖಾನೆ ಅಂದರೆ ಹೃದಯ ಅಂತ ನೀವು. ಹಾಗಾದರೆ ಬೀಗ ಹಾಕಿದ್ದು ಯಾರು, ಹೃದ್ರೋಗ ತಜ್ಞರೇ?

ಇನ್ನೊಂದು ತಪ್ಪು ನನಗೆ ವೈಯಕ್ತಿಕ. ಎರಡನೇ ದ್ವಿಪದಿಯಲ್ಲಿ ‘ಅವಳ ಕೇಶರಾಶಿ’. ಅದೇ ಗಜಲಿನ ಕೊನೆಯಲ್ಲಿ ‘ಹಾಫಿಜ್, ಅವನಿಂದ ಮರೆಯಾಗಬೇಡ’. ಮಧ್ಯದಲ್ಲಿ ಯಾರು ಯಾವಾಗ ಬದಲಾದರು? ಫಾರಸಿಯ ‘ಊ’ ಅವನೂ ಹೌದು, ಅವಳೂ ಹೌದು. ಕೂದಲು ಬಂದ ಕಡೆ ಹೆಣ್ಣು, ದೇವರು ಬಂದ ಕಡೆ ಗಂಡು ಅಂತ ಹಂಚಿದ್ದು ನೀವು. ಹಾಫಿಜ್ ಬಿಟ್ಟುಹೋದ ಗುಟ್ಟನ್ನು ನಿಮ್ಮ ಸರ್ವನಾಮ ಬಯಲು ಮಾಡಿತು. ಕನ್ನಡದಲ್ಲಿ ಇದು ಕಷ್ಟ, ಒಪ್ಪುತ್ತೇನೆ. ನಮ್ಮಲ್ಲಿ ಬಂದಳು, ಬಂದನು ಅಂತ ಹೇಳಲೇಬೇಕು. ಆದರೆ ದಾರಿಗಳಿವೆ. ‘ನೀನು’ವಿಗೆ ಲಿಂಗ ಇಲ್ಲ. ‘ಆ ಮುಂಗುರುಳು’ ಅಂದರೆ ಸಾಕು, ಯಾರದ್ದು ಅಂತ ಹೇಳಬೇಕಿಲ್ಲ. ಈ ‘ಆ’ ಕಂಡುಹಿಡಿಯಲು ನನಗೆ ಆರು ತಿಂಗಳು ಬೇಕಾಯಿತು, ನಿಮಗೆ ಪುಕ್ಕಟೆ ಕೊಡುತ್ತಿದ್ದೇನೆ.

ಸಮುದ್ರದ ಮಾತು ಹೇಳದೆ ಬಿಡಲಾರೆ, ಯಾಕೆಂದರೆ ಅಲ್ಲಿ ನಮ್ಮೂರಿದೆ. ಬಹಮನಿ ಸುಲ್ತಾನ ಎರಡನೇ ಮುಹಮ್ಮದನ (1378–1397) ದರ್ಬಾರಿಗೆ, ಅಂದರೆ ಇದೇ ಕಲಬುರಗಿಗೆ, ಹಾಫಿಜನಿಗೆ ಕರೆ ಬಂತು. ಆ ದರ್ಬಾರಿನ ಮೀರ್ ಫಜ್ಲುಲ್ಲಾ ಇಂಜು ದಾರಿಖರ್ಚೂ ಕಳಿಸಿದ. ಹಾಫಿಜ್ ಹೊರ್ಮುಜ್ ಬಂದರಿನ ತನಕ ಬಂದ, ಹಡಗು ಹತ್ತಿದ, ಬಿರುಗಾಳಿ ಎದ್ದಿತು, ಏನೋ ನೆಪ ಹೇಳಿ ಇಳಿದುಬಿಟ್ಟ. ತನ್ನ ಬದಲು ಒಂದು ಗಜಲು ಕಳಿಸಿದ. ಇದನ್ನು ಬರೆದಿಟ್ಟವನು ಇತಿಹಾಸಕಾರ ಫರಿಷ್ತಾ, ಸುಮಾರು ಇನ್ನೂರು ವರ್ಷದ ನಂತರ ಬಿಜಾಪುರದಲ್ಲಿ ಕೂತು, ಹಾಗಾಗಿ ಸ್ವಲ್ಪ ಉಪ್ಪುಖಾರ ಬಿದ್ದಿರಬಹುದು. ಗಜಲಂತೂ ಇದೆ. ಲಾಭದ ‘ಬೂ’ಗೆ ಸಮುದ್ರದ ಕಷ್ಟ ಮೊದಲು ಸುಲಭ ಅನ್ನಿಸಿತು, ತಪ್ಪು ಮಾಡಿದೆ ಅನ್ನುತ್ತಾನೆ. ಈಗ ಮೊದಲನೇ ಗಜಲಿನ ಮೊದಲ ದ್ವಿಪದಿ ತೆಗೆಯಿರಿ. ಪ್ರೇಮ ಮೊದಲು ಸುಲಭ ಅನ್ನಿಸಿತು, ಆಮೇಲೆ ಕಷ್ಟಗಳು ಬಿದ್ದವು. ಎರಡರಲ್ಲೂ ‘ಆಸಾನ್’, ‘ಅವ್ವಲ್’. ಎರಡರಲ್ಲೂ ಆ ‘ಬೂ’. ಮೊದಲ ಗಜಲಿನಲ್ಲೂ ಕತ್ತಲ ರಾತ್ರಿ, ಅಲೆಯ ಭಯ, ಸುಳಿ, ದಡದಲ್ಲಿ ಹಗುರಾಗಿ ನಿಂತವರಿಗೆ ನಮ್ಮ ಪಾಡು ಏನು ಗೊತ್ತು ಅನ್ನುವ ಮಾತು ಬರುತ್ತದೆ. ಒಂದು ಸಮುದ್ರಕ್ಕೆ ಹಡಗು, ಉಪ್ಪುನೀರು, ಗುಲ್ಬರ್ಗದ ದುಡ್ಡು ಇದೆ. ಇನ್ನೊಂದಕ್ಕೆ ಏನೇನಿದೆಯೋ ನೀವು ಹುಡುಕಬೇಕು. ಎರಡನ್ನೂ ಪಕ್ಕಪಕ್ಕ ಇಡುವ ಬದಲು ನೀವು ‘ಸಂಸಾರಸಾಗರ’ ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ.

ಉಳಿದ ಪುಟಗಳ ಬಗ್ಗೆ ಏನೂ ಹೇಳುವುದಿಲ್ಲ, ಶಕ್ತಿ ಇಲ್ಲ. ಹೀಗೆ ಮಾಡಿ: ಆ ಎರಡನೇ ದ್ವಿಪದಿ, ಈ ಎರಡು ಸಮುದ್ರ, ಇಷ್ಟೇ ಇಟ್ಟುಕೊಂಡು ಮೂರು ಪುಟ ಬರೆಯಿರಿ. ಬೋಸ್ನಿಯಾದ ಸೂದಿ ಹದಿನಾರನೇ ಶತಮಾನದಲ್ಲಿ, ಸುತ್ತ ಎಲ್ಲರೂ ಸೂಫಿ ಅರ್ಥ ಬರೆಯುತ್ತಿದ್ದಾಗ, ತುರ್ಕಿ ಭಾಷೆಯಲ್ಲಿ ಒಂದೊಂದು ಪದದ ವ್ಯಾಕರಣ ಹಿಡಿದು ಹಾಫಿಜನಿಗೆ ವ್ಯಾಖ್ಯಾನ ಬರೆದ. ಅವನಷ್ಟು ಒಣಗಬೇಡಿ, ಅವನಷ್ಟು ನಿಧಾನಿಸಿ. ಮುಂದಿನ ತಿಂಗಳ ಹದಿನೈದರೊಳಗೆ ಬಂದರೆ ನೋಡುತ್ತೇನೆ.

ನಿಮ್ಮ ಹಸ್ತಪ್ರತಿ ವಾಪಸ್ ಕಳಿಸಿದ್ದೇನೆ. ಕೆಂಪು ಇಂಕು ಮೂರನೇ ಪುಟದ ಕೊನೆಗೆ ಮುಗಿಯಿತು, ಅಲ್ಲಿಂದ ಮುಂದೆ ಪೆನ್ಸಿಲ್ ಇದೆ. ಸ್ವಲ್ಪ ಬೆಳಕಿಗೆ ಹಿಡಿದು ಓದಿ.