ಓದುಗರ ಪ್ರಶ್ನೆ, ನಮ್ಮ ಉತ್ತರ: ಗುಜರಿಯ ಲಾರಿ ಕ್ಯಾಬಿನ್ ಕೊಳ್ಳುವ ಮುನ್ನ

ಪ್ರಶ್ನೆ: ನಾನು ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದೇನೆ. ಬಳ್ಳಾರಿ–ಹೊಸಪೇಟೆ ರಸ್ತೆಯ ಗುಜರಿಯೊಂದರಲ್ಲಿ ಹಳೆಯ ಟಾಟಾ ಲಾರಿಯ ಕ್ಯಾಬಿನ್ ನೋಡಿ ಬಂದೆ. ಬಾನೆಟ್ ಮುಂದಕ್ಕೆ ಚಾಚಿರುವ ಹಳೆಯ ಮಾದರಿ, ಹೊರನೋಟಕ್ಕೆ ಗಟ್ಟಿಯಾಗಿದೆ. ಚಿಕ್ಕಪ್ಪನವರ ಮನೆಯಲ್ಲಿ ಓಡಿಸದೆ ನಿಲ್ಲಿಸಿರುವ ಅಂಬಾಸಿಡರ್ ಕಾರಿನ ಚಾಸಿಯ ಮೇಲೆ ಇದನ್ನು ಕೂರಿಸಿ ಹಾಟ್ ರಾಡ್ (ಹಳೆಯ ಗಾಡಿಯನ್ನು ವೇಗಕ್ಕೂ ಅಂದಕ್ಕೂ ಮಾರ್ಪಡಿಸಿ ಕಟ್ಟಿದ ಗಾಡಿ) ಕಟ್ಟಬೇಕೆಂಬುದು ನನ್ನ ಬಹುದಿನದ ಆಸೆ. ಬೇಗ ಹೇಳದಿದ್ದರೆ ಕತ್ತರಿಸಿ ತೂಕಕ್ಕೆ ಹಾಕುತ್ತೇವೆ ಎಂದು ಗುಜರಿಯವರು ಅವಸರ ಮಾಡುತ್ತಿದ್ದಾರೆ. ಕೊಳ್ಳಬಹುದೇ?
— ಓದುಗರೊಬ್ಬರು, ಸಂಡೂರು ತಾಲ್ಲೂಕು

ಉತ್ತರ: ಕ್ಯಾಬಿನ್ ಕೊಳ್ಳಬಹುದು, ಆದರೆ ಅಂಬಾಸಿಡರ್ ಮೇಲೆ ಕೂರಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಅಂಬಾಸಿಡರ್‌ಗೆ ಲಾರಿಗೆ ಇರುವಂತೆ ಬೇರೆಯಾದ ಚಾಸಿ, ಅಂದರೆ ಭಾರ ಹೊರುವ ಅಡಿಚೌಕಟ್ಟು, ಇಲ್ಲ. ಅದರ ನೆಲ, ಪಕ್ಕ, ಚಾವಣಿ ಎಲ್ಲವೂ ಒಂದಕ್ಕೊಂದು ಬೆಸೆದು ಒಂದೇ ಪೆಟ್ಟಿಗೆಯಂತೆ ಭಾರ ಹೊರುತ್ತವೆ. ಮೇಲಿನ ಭಾಗವನ್ನು ಕತ್ತರಿಸಿ ತೆಗೆದರೆ ಉಳಿಯುವುದು ಬಾಗುವ ನೆಲದ ತಗಡು ಮಾತ್ರ. ನಿಮಗೆ ಬೇಕಾದುದು ಉದ್ದಕ್ಕೆ ಎರಡು ತೊಲೆಗಳೂ ನಡುವೆ ಅಡ್ಡಪಟ್ಟಿಗಳೂ ಇರುವ, ಏಣಿಯಂಥ ಚಾಸಿ. ಹಳೆಯ ಜೀಪ್, ಟಾಟಾ ಸುಮೊ, ಮಹೀಂದ್ರ ಬೊಲೆರೊ ಇವುಗಳಿಗೆ ಅಂಥ ಚಾಸಿ ಇದೆ. ಆದರೆ ಇವೆಲ್ಲ ಲಾರಿಗಿಂತ ಕಿರಿದಾದ ಗಾಡಿಗಳಾದ್ದರಿಂದ, ಗುಜರಿಗೆ ಮತ್ತೆ ಹೋದಾಗ ಕ್ಯಾಬಿನ್ನಿನ ಅಗಲವನ್ನು ಬಾಗಿಲ ಕೆಳಗಿನ ಅಂಚಿನಲ್ಲಿ ಅಳೆದು, ನೀವು ಆರಿಸುವ ಚಾಸಿಯ ಎಡಬಲ ಚಕ್ರಗಳ ನಡುವಿನ ಅಂತರಕ್ಕೆ ಹೋಲಿಸಿ ನೋಡಿ. ಚಕ್ರಗಳು ಕ್ಯಾಬಿನ್ನಿನ ಒಳಗೆ ಅಡಗಿ ಕುಳಿತರೆ ಗಾಡಿಗೆ ಹಾಟ್ ರಾಡ್‌ನ ರೂಪವೇ ಬರುವುದಿಲ್ಲ. ಹಾಟ್ ರಾಡ್‌ನ ಹಿನ್ನೆಲೆ ಹೀಗಿದೆ: 1932ರಲ್ಲಿ ಫೋರ್ಡ್ ಕಂಪನಿ ಅಗ್ಗದ ವಿ-8 (ಎಂಟು ಸಿಲಿಂಡರಿನ) ಎಂಜಿನ್ನಿನ ಕಾರನ್ನು ಮಾರುಕಟ್ಟೆಗೆ ತಂದ ಮೇಲೆ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಗಾಡಿಗಳ ಮಡ್‌ಗಾರ್ಡ್ ಕಳಚಿ, ಭಾರ ಇಳಿಸಿ, ಒಣಗಿದ ಸರೋವರಗಳ ನೆಲದಲ್ಲಿ ವೇಗಕ್ಕಾಗಿ ಓಡಿಸತೊಡಗಿದರು. ಹೊರಗೆ ಬಯಲಾಗಿ ಕಾಣುವ ಚಕ್ರವೇ ಆ ಗಾಡಿಗಳ ಗುರುತಾಯಿತು.

ಈಗ ಕ್ಯಾಬಿನ್ನಿನ ವಿಚಾರ. ಕೇಳುವವರೆಲ್ಲ ಮೊದಲು ತುಕ್ಕಿನ ಬಗ್ಗೆ ಕೇಳುತ್ತಾರೆ. ನಾನಾದರೋ ಮೊದಲು ಕೇಳುವುದು, ಅದರಲ್ಲಿ ಕಂಪನಿಯ ತಗಡು ಎಷ್ಟು, ಊರಿನ ಮರ ಎಷ್ಟು ಎಂದು. ನಮ್ಮಲ್ಲಿ ಬಹುಕಾಲ ಲಾರಿಗಳು ಕಾರ್ಖಾನೆಯಿಂದ ಪೂರ್ಣ ಕ್ಯಾಬಿನ್ನಿನೊಂದಿಗೆ ಬರುತ್ತಿರಲಿಲ್ಲ. ಚಾಸಿ, ಎಂಜಿನ್, ಬಾನೆಟ್, ಮುಂಗಾಜಿನ ಚೌಕಟ್ಟು ಇಷ್ಟು ಬರುತ್ತಿತ್ತು; ಹಿಂದಿನ ಗೋಡೆ, ಚಾವಣಿ, ಎಷ್ಟೋ ವೇಳೆ ಬಾಗಿಲುಗಳನ್ನೂ ಬಾಡಿ ಕಟ್ಟುವ ಮೇಸ್ತ್ರಿಗಳು ಮರದ ಚೌಕಟ್ಟಿಗೆ ತಗಡು ಹೊಡೆದು ಕಟ್ಟಿಕೊಡುತ್ತಿದ್ದರು. ಟಾಟಾ ಸಂಸ್ಥೆ 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆಗೂಡಿ ಲಾರಿ ತಯಾರಿಸಿತು. ನೀವು ನೋಡಿದ್ದು ಆ ಕಾಲದ್ದೇ ಆಗಿದ್ದರೂ, ಮುಂಭಾಗ ಜರ್ಮನ್ ವಿನ್ಯಾಸದ ಅಚ್ಚಿನಲ್ಲಿ ಒತ್ತಿದ ಉಕ್ಕಾಗಿದ್ದು ಹಿಂಭಾಗ ನಮ್ಮ ಬಡಗಿಯ ಕೆಲಸವಾಗಿರುವ ಸಾಧ್ಯತೆ ಹೆಚ್ಚು. ಸೀಟಿನ ಹಿಂದೆ ಕೈಹಾಕಿ ಒಳಗಿನ ಕಂಬವನ್ನು ತಟ್ಟಿ ನೋಡಿ, ಮೊಳೆಗಳ ಸಾಲು ಕಂಡರೆ ಅದು ಮರ. ಮರವಿದ್ದರೆ ಕ್ಯಾಬಿನ್ ಕೆಟ್ಟದ್ದೆಂದು ನನ್ನ ಮಾತಿನ ಅರ್ಥವಲ್ಲ, ಆ ಮೇಸ್ತ್ರಿಗಳ ಕೈಕೆಲಸದ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಹಾಟ್ ರಾಡ್‌ಗಾಗಿ ಚಾವಣಿ ತಗ್ಗಿಸಿ ವೆಲ್ಡಿಂಗ್ ಮಾಡುವ ಕೆಲಸಕ್ಕೆ ಮರದ ಚೌಕಟ್ಟು ಒದಗುವುದಿಲ್ಲ. ಅದನ್ನು ತೆಗೆದು ಚೌಕ ಪೈಪಿನಲ್ಲಿ ಒಳಗೂಡು ಕಟ್ಟಬೇಕಾಗುವ ಖರ್ಚನ್ನು ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎರಡನೆಯದಾಗಿ ಅಳತೆ ಟೇಪ್ ಒಯ್ಯಿರಿ. ಮುಂಗಾಜಿನ ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಅಳೆದರೆ ಅಳತೆ ಒಂದೇ ಇರಬೇಕು. ಬಾಗಿಲ ತೆರಪು ಚೌಕವಲ್ಲದ ಕಾರಣ ಅಲ್ಲಿ ಎಡಗಡೆಯ ಅಳತೆಯನ್ನು ಬಲಗಡೆಯದಕ್ಕೆ ಹೋಲಿಸಬೇಕು. ಕೆಲವು ಮಿಲಿಮೀಟರ್ ವ್ಯತ್ಯಾಸವನ್ನು ಸರಿಪಡಿಸಬಹುದು. ಒಂದು ಬೆರಳಗಲ ಬಂದರೆ ಆ ಲಾರಿ ಹಿಂದೆ ಎಲ್ಲೋ ಮಗುಚಿದೆ ಅಥವಾ ಗುದ್ದಿದೆ ಎಂದು ತಿಳಿದು, ಹೊರಗಿನ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಮುಂಗಾಜು ಎರಡು ಹೋಳಾಗಿ ಚಪ್ಪಟೆಯಾಗಿದ್ದರೆ ಅದು ನಿಮ್ಮ ಭಾಗ್ಯ: ಲ್ಯಾಮಿನೇಟೆಡ್ ಗಾಜನ್ನು ಅಳತೆಗೆ ಕತ್ತರಿಸಿ ಕೊಡುವವರು ಸಿಗುತ್ತಾರೆ. ಬಾಗಿದ ಗಾಜಿಗೆ ಹಾಗೆ ಮಾಡಲಾಗದು.

ತುಕ್ಕಿನ ವಿಚಾರದಲ್ಲಿ ನಮ್ಮ ಸೀಮೆಯ ಒಣ ಹವೆ ನಿಮ್ಮ ಪರವಾಗಿದೆ, ಆದರೆ ಅದನ್ನೇ ನಂಬಬೇಡಿ. ಆ ಲಾರಿ ಏನು ಹೊತ್ತಿತ್ತು, ಎಲ್ಲಿಗೆ ಹೋಗುತ್ತಿತ್ತು ಎಂದು ವಿಚಾರಿಸಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದಿರು ಲಾರಿಗಳು ಕೆಲಸವಿಲ್ಲದೆ ನಿಂತದ್ದು ನಿಮಗೂ ನೆನಪಿರಬಹುದು. ಹಾಗೆ ನಿಂತವುಗಳಲ್ಲಿ ಬೇಲೆಕೇರಿ ಬಂದರಿಗೆ ಓಡಾಡಿದ ಗಾಡಿಗಳು ಕಡಲ ಉಪ್ಪುಗಾಳಿಯನ್ನು ಕುಡಿದಿರುತ್ತವೆ. ಅದಿರಿನ ಕೆಂಪು ಧೂಳು ತಾನಾಗಿ ತಗಡನ್ನು ತಿನ್ನುವುದಿಲ್ಲ. ಆದರೆ ಬೆಸುಗೆಯ ಸಂದುಗಳಲ್ಲಿ ಗಟ್ಟಿಯಾಗಿ ಕೂತು ಮಳೆಯ ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ, ಅಲ್ಲಿಂದ ಕೊಳೆತ ಶುರುವಾಗುತ್ತದೆ. ಅದೂ ಅಲ್ಲದೆ ಆ ಧೂಳು, ತುಕ್ಕು ಎರಡೂ ಕೆಂಪಾಗಿರುವುದರಿಂದ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಬಟ್ಟೆಯಲ್ಲಿ ಒರೆಸಿ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಚಾಲಕನ ಕಾಲಡಿಯ ಮೂಲೆ, ಬಾಗಿಲ ಒಳತಳ, ಮುಂಗಾಜಿನ ರಬ್ಬರಿನ ಕೆಳಗಿನ ಅಂಚು, ಕ್ಯಾಬಿನ್ ಚಾಸಿಗೆ ಬೋಲ್ಟಾಗುವ ಜಾಗ: ಈ ನಾಲ್ಕರಲ್ಲಿ ಕೊನೆಯದು ಎಲ್ಲಕ್ಕಿಂತ ಮುಖ್ಯ. ತೆಳುವಾದ ಅಯಸ್ಕಾಂತವೊಂದನ್ನು ಮೈಮೇಲೆಲ್ಲ ಆಡಿಸಿದರೆ ಬಣ್ಣದ ಕೆಳಗೆ ದಪ್ಪನಾಗಿ ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ.

ಕೊನೆಯದಾಗಿ, ಕಳಚುವ ಕೆಲಸವನ್ನು ಅವರಿಗೇ ಬಿಡಬೇಡಿ. ಹಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರಿಗಾಗಿ ನಾನು ಆರಿಸಿದ ಒಳ್ಳೆಯ ಕ್ಯಾಬಿನ್ನೊಂದನ್ನು ಗುಜರಿಯ ಹುಡುಗರು ಬೋಲ್ಟ್ ಬಿಚ್ಚುವ ಬದಲು ಗ್ಯಾಸಿನಿಂದ ಕ್ಯಾಬಿನ್ನಿನ ಕಾಲುಗಳನ್ನೇ ಕತ್ತರಿಸಿ, ಚಾವಣಿಗೆ ಸರಪಳಿ ಹಾಕಿ ಎತ್ತಿದರು. ಬಾಗಿಲ ತೆರಪು ಕಣ್ಣೆದುರಿಗೇ ಕುಗ್ಗಿತು, ಆಮೇಲೆ ಎಷ್ಟು ಬಡಿದರೂ ಬಾಗಿಲು ಸರಿಯಾಗಿ ಮುಚ್ಚಲಿಲ್ಲ. ಆದ್ದರಿಂದ ಕಳಚುವ ಮೊದಲೇ ಎರಡೂ ಬಾಗಿಲ ತೆರಪುಗಳಿಗೆ ಅಡ್ಡಲಾಗಿ, ಓರೆಯಾಗಿ ಆ್ಯಂಗಲ್ ಪಟ್ಟಿ ವೆಲ್ಡ್ ಮಾಡಿಸಿ, ನೆಲದ ಅಡಿಯಿಂದ ಬೆಲ್ಟ್ ಹಾಕಿ ಎತ್ತಿಸಿ. ಗುಜರಿಯಲ್ಲಿ ದರ ಕಿಲೋ ಲೆಕ್ಕದಲ್ಲೇ ಶುರುವಾಗುತ್ತದೆ. ಇಡೀ ಕ್ಯಾಬಿನ್ನಿಗೆ ಕಬ್ಬಿಣದ ಆ ದಿನದ ದರಕ್ಕಿಂತ ಸ್ವಲ್ಪ ಹೆಚ್ಚು ಕೊಡುವುದು ನ್ಯಾಯವೇ. ಆದರೆ ಬಾಗಿಲ ಕೀಲು, ಬೀಗ, ಬಾನೆಟ್, ಜಾಲರಿ ಎಲ್ಲ ಸೇರಿಯೇ ಮಾತಾಡಿ, ತೂಕವನ್ನು ಹೊರಗಿನ ವೇ ಬ್ರಿಡ್ಜ್‌ನಲ್ಲಿ ಹಾಕಿಸಿ, ಬಿಲ್ ಪಡೆಯಿರಿ. ಮೂಲ ಲಾರಿಯ ನೋಂದಣಿ ರದ್ದಾಗಿದೆಯೇ ಎಂದೂ ಕೇಳಿ. ಕಳವಿನ ಗಾಡಿಯ ಭಾಗವೆಂದು ನಾಳೆ ಯಾರಾದರೂ ಬಂದರೆ ನಿಮ್ಮ ಕೈಯಲ್ಲಿರುವುದು ಆ ಬಿಲ್ ಒಂದೇ.

ಪ್ರಶ್ನೆ: ಇಂಥ ಗಾಡಿ ಕಟ್ಟಿದರೆ ಆರ್‌ಟಿಓದಲ್ಲಿ ನೋಂದಾಯಿಸಲು ಆಗುತ್ತದೆಯೇ? ಹಳೆಯ ಕ್ಯಾಬಿನ್ ಇರುವುದರಿಂದ ವಿಂಟೇಜ್ ನಂಬರ್ (ಬಹಳ ಹಳೆಯ ಗಾಡಿಗಳಿಗೆ ಕೊಡುವ ವಿಶೇಷ ನೋಂದಣಿ) ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ.
— ಓದುಗರೊಬ್ಬರು, ರಾಯಚೂರು

ಉತ್ತರ: ಸಿಗುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮದ ಪ್ರಕಾರ ಗಾಡಿಗೆ 50 ವರ್ಷ ಮೀರಿರಬೇಕು, ಅದು ಮೂಲ ರೂಪದಲ್ಲೇ ಉಳಿದಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹಾಟ್ ರಾಡ್ ಎಂದರೆ ಈ ಮೂರನ್ನೂ ಬದಲಾಯಿಸುವ ಕೆಲಸವೇ. ಸಾಮಾನ್ಯ ನೋಂದಣಿಯ ದಾರಿಯೂ ಕಠಿಣ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಕೆಎ-34 ಅಥವಾ ಕೆಎ-36 ಫಲಕವಿರುವ ಯಾವುದೋ ಹಳೆಯ ಜೀಪಿನ ಕಾಗದವನ್ನು ಈ ಗಾಡಿಗೆ ಹೊಂದಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಅಪಘಾತವಾದ ದಿನ ಅದರ ವಿಮೆ ನಿಮ್ಮ ನೆರವಿಗೆ ಬರುವುದಿಲ್ಲ. ಗಾಡಿಯನ್ನು ಪ್ರದರ್ಶನಕ್ಕೆಂದೂ ಸ್ವಂತ ಜಾಗದೊಳಗೆ ಓಡಿಸಲೆಂದೂ ಕಟ್ಟಿ, ಬೇರೆಡೆಗೆ ಒಯ್ಯುವಾಗ ಮತ್ತೊಂದು ಲಾರಿಯ ಮೇಲೇರಿಸಿ ಒಯ್ಯಿರಿ. ಈ ಮಿತಿ ಒಪ್ಪಿಗೆಯಾದವರು ಮಾತ್ರ ಕ್ಯಾಬಿನ್ನಿಗೆ ಹಣ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಕಾರಟಗಿಯ ಅಕ್ಕಿ ಗಿರಣಿಯೊಂದರ ಹಿಂದಿನಿಂದ ತಂದ ಕ್ಯಾಬಿನ್ನಿನ ಬಣ್ಣ, ತುಕ್ಕು ತೆಗೆಯಲು ಮರಳು ಊದಿಸುವುದು (ಸ್ಯಾಂಡ್ ಬ್ಲಾಸ್ಟಿಂಗ್) ಒಳ್ಳೆಯದೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಚಾವಣಿ, ಬಾಗಿಲು, ಬಾನೆಟ್‌ಗಳಂಥ ಅಗಲವಾದ ತಗಡಿಗೆ ಬೇಡ. ಇವು ಸುಮಾರು ಒಂದು ಮಿಲಿಮೀಟರ್ ದಪ್ಪದವು; ಮರಳಿನ ಹೊಡೆತಕ್ಕೆ ಅಲೆಅಲೆಯಾಗಿ ಉಬ್ಬುತ್ತವೆ, ಮತ್ತೆ ಸಮವಾಗುವುದಿಲ್ಲ. ಅಲ್ಲಿ ಬಣ್ಣ ಕರಗಿಸುವ ದ್ರಾವಣ ಬಳಸಿ, ನೀರು ಹಾಕಿ ಉಜ್ಜಿರಿ, ಒಣಗಿದ ಕೂಡಲೇ ಪ್ರೈಮರ್ ಹೊಡೆಯಿರಿ. ಕೊಳೆತ ಭಾಗದ ಮೇಲೆ ಹೊಸ ತಗಡು ಹೊದಿಸದೆ, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಅಂಚಿಗೆ ಅಂಚು ಕೂಡಿಸಿ ಬೆಸೆಯಿರಿ; ಸಾಮಾನ್ಯ ಆರ್ಕ್ ವೆಲ್ಡಿಂಗ್ ಈ ತಗಡನ್ನು ತೂತು ಮಾಡುವುದರಿಂದ ಸಿಓಟು (ಇಂಗಾಲದ ಡೈಆಕ್ಸೈಡ್ ಅನಿಲ ಬಳಸುವ) ವೆಲ್ಡಿಂಗ್ ಇರುವ ಟಿಂಕರಿಂಗ್ ಮೇಸ್ತ್ರಿಯನ್ನು ಹುಡುಕಿ, ಚುಕ್ಕೆಚುಕ್ಕೆಯಾಗಿ, ನಡುನಡುವೆ ಆರಲು ಬಿಟ್ಟು ಮಾಡಿಸಿ. ಹಳೆಯ ಲಾರಿ ಬಣ್ಣದಲ್ಲಿ ಸೀಸ ಇರಬಹುದು, ನದಿ ಮರಳಿನ ಧೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳು ಓಡಾಡುವ ಅಂಗಳದಲ್ಲಿ ಈ ಕೆಲಸ ಮಾಡಬೇಡಿ.