ಬೀರು ತೆರೆಯಲಾಗದವರಿಗೆ

ಓದುಗರ ಪತ್ರ: “ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಮೊನ್ನೆ ಮಧ್ಯಾಹ್ನ ಮನಸಾರೆ ನಕ್ಕೆ. ಸಂಜೆ ಅವರ ಕೆಮ್ಮು ಕೇಳಿಸಿದಂತಾಗಿ ಕುಸಿದುಹೋದೆ. ಅವರ ಬೀರು ಇನ್ನೂ ತೆರೆದಿಲ್ಲ. ರಾತ್ರಿ ನಿದ್ದೆಯಿಲ್ಲ. ದುಃಖಕ್ಕೆ ಐದು ಹಂತ ಅಂತಾರೆ, ನಾನು ಹಿಂದಕ್ಕೆ ಜಾರುತ್ತಿದ್ದೇನೆಯೇ?”

ಸಂಪಾದಕರ ಉತ್ತರ: ಇಲ್ಲ, ಜಾರುತ್ತಿಲ್ಲ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಐದು ಹಂತಗಳನ್ನು (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ) ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಅದು ಉಳಿದವರೆಲ್ಲ ಸಾಲಾಗಿ ಹತ್ತಬೇಕಾದ ಮೆಟ್ಟಿಲಾಗಿಬಿಟ್ಟದ್ದು ಆಮೇಲೆ. ನಿಮ್ಮ ಸ್ಥಿತಿಗೆ ಹೆಚ್ಚು ಹೊಂದುವುದು ದುಃಖದ ಬಗ್ಗೆ ಸಂಶೋಧನೆ ಮಾಡಿದ ಸ್ಟ್ರೋಬ ಮತ್ತು ಶುಟ್ 1999ರಲ್ಲಿ ಕೊಟ್ಟ ವಿವರಣೆ: ಮನಸ್ಸು ಒಮ್ಮೆ ಹೋದವರ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ ಓಡಾಡುತ್ತಲೇ ಇರುತ್ತದೆ. ಮಧ್ಯಾಹ್ನ ನಕ್ಕದ್ದಕ್ಕೆ ದಯವಿಟ್ಟು ನೊಂದುಕೊಳ್ಳಬೇಡಿ. ಅಳುವುದಕ್ಕೂ ತ್ರಾಣ ಬೇಕು, ಅದು ಬರುವುದು ಅಂಥ ಬಿಡುವಿನಿಂದಲೇ.

ಕೆಮ್ಮು ಕೇಳಿಸಿದ್ದು ಹುಚ್ಚಲ್ಲ. ವೇಲ್ಸ್‌ನ ವೈದ್ಯ ಡೆವಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ಕಳೆದುಕೊಂಡ 293 ಜನರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೋದವರು ಹತ್ತಿರವೇ ಇದ್ದಂತೆ, ಕಂಡಂತೆ ಅಥವಾ ಅವರ ದನಿ ಕೇಳಿಸಿದಂತೆ ಅನಿಸಿತ್ತು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ.

ಇನ್ನು ಬೀರು. ಅದಕ್ಕೆ ಗಡುವೇನೂ ಇಲ್ಲ. ಬಂಧುಗಳ ಒತ್ತಾಯಕ್ಕೆ ಒಂದೇ ದಿನದಲ್ಲಿ ಖಾಲಿ ಮಾಡಿದವರು ಆಮೇಲೆ ಒಂದು ಅಂಗಿಗಾಗಿ ಪರದಾಡುತ್ತಾರೆ. ಮೊದಲ ದಿನ ಒಂದೇ ಖಾನೆ, ಅರ್ಧ ಗಂಟೆ ಸಾಕು. ಹೆಚ್ಚು ಮಾತಾಡದ ಒಬ್ಬರು ಪಕ್ಕದಲ್ಲಿರಲಿ. ನೆನಪು ಕಡಿಮೆ ಅಂಟಿಕೊಂಡಿರುವ ಸಾಕ್ಸ್, ಟವೆಲ್ಲುಗಳಿಂದ ಶುರು ಮಾಡಿ. ಕನ್ನಡಕ, ವಾಚು, ಕೊನೆಯಲ್ಲಿ ತೊಟ್ಟ ಬಟ್ಟೆ ಆಮೇಲಿರಲಿ. ಇಟ್ಟುಕೊಳ್ಳುವುದು, ಕೊಡುವುದು ಎರಡು ಪೆಟ್ಟಿಗೆಗಳಲ್ಲಿ ಬೇರೆ ಮಾಡಿ. ಕೈ ನಡುಗಿದರೆ ಆ ವಸ್ತುವನ್ನು ಮೂರನೆಯ ಪೆಟ್ಟಿಗೆಗೆ ಹಾಕಿ, ಮುಚ್ಚಿ, ಮೇಲೆ ತಾರೀಖು ಬರೆದು, ಆರು ತಿಂಗಳು ಮುಟ್ಟಬೇಡಿ. ಒಗೆಯದ ಒಂದು ಅಂಗಿಯನ್ನು ಗಾಳಿಯಾಡದ ಚೀಲದಲ್ಲಿಡಿ. ಒಗೆದರೆ ಆ ವಾಸನೆ ಮತ್ತೆ ಸಿಗುವುದಿಲ್ಲ. ಜೇಬುಗಳನ್ನು ನೋಡದೆ ಏನನ್ನೂ ಕೊಡಬೇಡಿ.

ಬಟ್ಟೆಗಿಂತ ಅವಸರದ್ದು ಅವರ ಮೊಬೈಲ್. ಬ್ಯಾಂಕಿನ ಓಟಿಪಿ ಬರುವುದು ಅದೇ ನಂಬರಿಗಾಗಿದ್ದರೆ, ಆ ಕೆಲಸಗಳೆಲ್ಲ ಮುಗಿಯುವವರೆಗೆ ಸಿಮ್ ನಿಲ್ಲಿಸಬೇಡಿ. ಅವರ ದನಿಯ ಸಂದೇಶ, ಫೋಟೊಗಳನ್ನು ಈ ವಾರವೇ ಎರಡು ಕಡೆ ನಕಲು ಮಾಡಿಡಿ.

ನಿದ್ದೆಗೆ ಮದ್ಯವನ್ನೂ ಬೇರೆಯವರ ಮಾತ್ರೆಯನ್ನೂ ನೆಚ್ಚಬೇಡಿ; ಕುಡಿದರೆ ಬೇಗ ನಿದ್ದೆ ಹತ್ತಬಹುದು, ಆದರೆ ನಡುರಾತ್ರಿಗೆ ಎಚ್ಚರವಾಗುತ್ತದೆ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಕೂತು, ಕಣ್ಣೆಳೆದಾಗ ಮಲಗಿ. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಏಳುವ ಹೊತ್ತು ಬದಲಾಗದಿರಲಿ.

ವೈದ್ಯರ ಬಳಿ ಯಾವಾಗ ಹೋಗಬೇಕು? ಹಂಬಲ ದಿನವಿಡೀ ಕಾಡಿ, ಅಡುಗೆ, ಸ್ನಾನ, ಕೆಲಸ ಎಲ್ಲವೂ ನಿಂತುಹೋಗಿ, ತಿಂಗಳುಗಳಾದರೂ ಕಿಂಚಿತ್ತೂ ಸಡಿಲವಾಗದಿದ್ದರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಇಂಥ ದೀರ್ಘಕಾಲದ ದುಃಖವನ್ನು ಗುರುತಿಸಲು ಕನಿಷ್ಠ 6 ತಿಂಗಳು ಎನ್ನುತ್ತದೆ, ಅಮೆರಿಕದ ಮನೋವೈದ್ಯರ ಕೈಪಿಡಿ ವಯಸ್ಕರಿಗೆ 12 ತಿಂಗಳು. ಅದಕ್ಕೆಂದೇ ರೂಪಿಸಿದ ಆಪ್ತಸಮಾಲೋಚನೆ ಇದೆ, ಕೇಳಿ ಪಡೆಯಿರಿ. ಸತ್ತು ಅವರನ್ನು ಸೇರುವ ಯೋಚನೆ ಬಂದರೆ ಮಾತ್ರ ತಿಂಗಳ ಲೆಕ್ಕ ಬೇಡ. ಆಗಲೇ ಮನೆಯವರಲ್ಲಿ ಒಬ್ಬರಿಗೆ ಹೇಳಿ, ಅವರನ್ನೇ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.