ಬಾಣಂತಿಗೆ ನೀರು ಕಟ್ಟಬೇಕೇ?

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ: “ಮಗಳಿಗೆ ಸಹಜ ಹೆರಿಗೆಯಾಗಿ ಒಂಬತ್ತು ದಿನ. ಮಗು ಹುಟ್ಟಿದಾಗ 2.8 ಕೆಜಿ ಇತ್ತು, ಏಳನೇ ದಿನ ಆಶಾ ಕಾರ್ಯಕರ್ತೆ ತೂಗಿದಾಗ 2.65. ಹಾಲು ಸಾಲುತ್ತಿಲ್ಲವೆಂದು ಡಬ್ಬಿ ಹಾಲು ಶುರು ಮಾಡುವ ಯೋಚನೆಯಿದೆ. ನಂಜಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ಮಗಳಿಗೆ ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕೊಡುವುದಿಲ್ಲ. ಮಂಚದ ಕೆಳಗೆ ಕೆಂಡ ಇಟ್ಟು ಸಾಂಬ್ರಾಣಿ ಹಾಕುತ್ತೇನೆ. ನನ್ನ ತಾಯಿಯೂ ನನಗೆ ಹೀಗೇ ಬಾಣಂತನ ಮಾಡಿದ್ದು. ಆಶಾ ಎಲ್ಲದಕ್ಕೂ ಬೇಡ ಎನ್ನುತ್ತಾಳೆ. ಯಾರ ಮಾತು ಕೇಳಲಿ?”

ತಾಯಿ, ಮೊದಲು ನೀರಿನ ಮಾತು. ಅದನ್ನು ಇವತ್ತೇ ಬದಲಿಸಬೇಕು. ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಪಾಲು ನೀರೇ. ನೀವು ಕೊಡದಿದ್ದರೂ ಮೈ ಹಾಲು ಮಾಡುತ್ತದೆ, ಆದರೆ ಆ ನೀರನ್ನು ಮಗಳ ಮೈಯಿಂದಲೇ ಎಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ಬತ್ತುವವಳು ತಾಯಿ. ತಲೆನೋವು, ಉರಿಮೂತ್ರ ಬರುತ್ತವೆ. ಮಲ ಗಟ್ಟಿಯಾಗಿ ತಿಣುಕಿದರೆ ಹೊಲಿಗೆ ನೋಯುತ್ತದೆ. ಇದಕ್ಕಿಂತ ಭಯಪಡಬೇಕಾದದ್ದು ಬೇರೆಯಿದೆ: ಹೆರಿಗೆಯಾದ ಹೊಸದರಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ನೀರೂ ಇಲ್ಲದೆ ದಿನವಿಡೀ ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಬಹುದು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಲೆಕ್ಕ ಸುಲಭ. ಮಗುವಿಗೆ ಹಾಲೂಡಿಸಲು ಕೂತಾಗಲೆಲ್ಲ ಕೈಗೆ ಒಂದು ದೊಡ್ಡ ಲೋಟ ಕೊಡಿ. ಕಾಯಿಸಿದ ಬೆಚ್ಚನೆಯ ನೀರಾಗಲಿ, ಜೀರಿಗೆ ಕಷಾಯವಾಗಲಿ, ತಿಳಿಸಾರಾಗಲಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲೂಡಿಸುವವಳಿಗೆ ಎರಡೂವರೆ-ಮೂರು ಲೀಟರ್ ತಾನಾಗಿಯೇ ಆಗುತ್ತದೆ. ಹೊಟ್ಟೆ ಬರುವುದು ನೀರಿನಿಂದಲ್ಲ. ಹೆರಿಗೆಯಾದ ದಿನ ಹೊಕ್ಕುಳ ಮಟ್ಟದಲ್ಲಿರುವ ಗರ್ಭಕೋಶ ದಿನಕ್ಕೆ ಸುಮಾರು ಒಂದು ಬೆರಳಿನಷ್ಟು ಇಳಿದು, ಎರಡು ವಾರದ ಹೊತ್ತಿಗೆ ಕೈಗೆ ಸಿಗದಂತಾಗುತ್ತದೆ. ಹಿಗ್ಗಿದ ಹೊಟ್ಟೆಯ ಸ್ನಾಯು ಬಿಗಿಯಾಗಲು ತಿಂಗಳುಗಳೇ ಬೇಕು.

ಇನ್ನು ಮಗುವಿನ ತೂಕ. 150 ಗ್ರಾಂ ಇಳಿದಿದೆ ಎಂದರೆ ನೂರಕ್ಕೆ ಐದಕ್ಕಿಂತ ಸ್ವಲ್ಪ ಹೆಚ್ಚು. ಮೊದಲ ದಿನಗಳಲ್ಲಿ ಅಷ್ಟು ಇಳಿಯುವುದು ಸಹಜ. ಹತ್ತರಷ್ಟು ಇಳಿದರೆ ವೈದ್ಯರಿಗೆ ತೋರಿಸಲೇಬೇಕು. ಹದಿನಾಲ್ಕನೇ ದಿನ ಆಶಾ ಮತ್ತೆ ಬರುತ್ತಾಳೆ. ಅಷ್ಟರೊಳಗೆ ಹುಟ್ಟಿದಾಗಿನ ತೂಕ ಬಂದಿರಬೇಕು, ಬರದಿದ್ದರೆ ವೈದ್ಯರ ಬಳಿ ಹೋಗಿ. ಅಲ್ಲಿಯವರೆಗೆ ಒದ್ದೆ ಬಟ್ಟೆ ಎಣಿಸಿ. ದಿನಕ್ಕೆ ಆರು ಸಲ ಅಥವಾ ಹೆಚ್ಚು, ತಿಳಿಯಾಗಿ ಉಚ್ಚೆ ಹೊಯ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಎಂದೇ ಅರ್ಥ. ವೈದ್ಯರು ಹೇಳದೆ ಡಬ್ಬಿ ಹಾಲು ಶುರು ಮಾಡಬೇಡಿ. ಅದು ಹೊಟ್ಟೆಗೆ ಬಿದ್ದಷ್ಟೂ ಮಗು ಎದೆ ಚೀಪುವುದು ಕಡಿಮೆ, ಚೀಪಿದ್ದು ಕಡಿಮೆಯಾದಷ್ಟೂ ಹಾಲೂ ಕಡಿಮೆ.

ಹಾಲೂಡಿಸುವಾಗ ಒಮ್ಮೆ ಹತ್ತಿರ ಕೂತು ನೋಡಿ. ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಾಯಿಯ ಮೇಲ್ಗಡೆ ಹೆಚ್ಚು ಕಾಣಬೇಕು. ಬರೀ ತೊಟ್ಟನ್ನೇ ಚೀಪುತ್ತಿದ್ದರೆ ಹಾಲು ಬರುವುದಿಲ್ಲ, ತೊಟ್ಟು ಒಡೆಯುತ್ತದೆ. ಆಗ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿಟ್ಟು ಹಿಡಿತ ಬಿಡಿಸಿ, ಮತ್ತೆ ಹಿಡಿಸಿ. ತಲೆಯನ್ನು ಒತ್ತಬೇಡಿ, ಮಗುವಿನ ಇಡೀ ಮೈಯನ್ನು ತಾಯಿಯ ಕಡೆ ತಿರುಗಿಸಿ ಹತ್ತಿರ ತನ್ನಿ.

ಕೆಂಡ ಮಾತ್ರ ಖಂಡಿತ ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಬರುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳದೇ ಹೋಗಬಹುದು. ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕೋಶಕ್ಕೆ ಆಗದು. ಬೆಚ್ಚಗಿಡಬೇಕೆನ್ನುವ ನಿಮ್ಮ ಕಾಳಜಿ ಸರಿಯೇ ಇದೆ, ದಾರಿ ಬೇರೆ: ಟೋಪಿ, ಕಾಲುಚೀಲ ಹಾಕಿ, ಮಗುವನ್ನು ತಾಯಿಯ ಬರಿ ಎದೆಗೆ ಆನಿಸಿ ಮೇಲೊಂದು ಹೊದಿಕೆ ಹೊದಿಸಿ. ಅಂಗೈಯ ಹಿಂಬದಿಯಿಂದ ಹೊಟ್ಟೆ, ಪಾದ ಎರಡನ್ನೂ ಮುಟ್ಟಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿಯಾಗುತ್ತಿದೆ. ಎರಡೂ ತಣ್ಣಗಿದ್ದರೆ ಎದೆಗೆ ಆನಿಸಿಕೊಂಡೇ ಆಸ್ಪತ್ರೆಗೆ ಹೊರಡಿ. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಏನೂ ಬೇಡ, ಒಣಗಿದ್ದರೆ ಸಾಕು. ಮೂಗು-ಕಿವಿಗೆ ಎಣ್ಣೆಯನ್ನಂತೂ ಬಿಡಲೇಬೇಡಿ.

ಊಟದ ಪಥ್ಯವನ್ನೂ ಸ್ವಲ್ಪ ಸಡಿಲಿಸಿ. ಅಂಟಿನುಂಡೆ, ಬೆಳ್ಳುಳ್ಳಿ, ಮೆಂತ್ಯ ಇರಲಿ. ಜೊತೆಗೆ ಬೇಳೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆಯೂ ಇರಲಿ. ಹಾಲೂಡಿಸುವವಳಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ಕಬ್ಬಿಣದ ಮಾತ್ರೆ ಹೆರಿಗೆಯ ನಂತರವೂ 180 ದಿನ ತಪ್ಪಬಾರದು. ಚಹಾದ ಜೊತೆಗಾಗಲಿ ಕ್ಯಾಲ್ಸಿಯಂ ಮಾತ್ರೆಯ ಜೊತೆಗಾಗಲಿ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ, ಎರಡು ಗಂಟೆ ಅಂತರವಿರಲಿ.

ಆಶಾ ನಿಮ್ಮ ಮನೆಗೆ ಬರುವುದು ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ. ಉಳಿದ ಹಗಲು-ರಾತ್ರಿಯೆಲ್ಲ ಮಗಳ ಪಕ್ಕದಲ್ಲಿರುವವರು ನೀವು. ನಿಮಗಿಂತ ಮೊದಲು ಅಪಾಯ ಗುರುತಿಸುವವರು ಬೇರೆ ಯಾರೂ ಇಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇವೆ. ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ಸ್ರಾವ ಕೆಟ್ಟ ವಾಸನೆ ಬಂದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಫಿಟ್ಸ್ ಬಂದರೆ ಕಾಯಬೇಡಿ. ನಿದ್ದೆಯೇ ಇಲ್ಲದೆ ಮಾತು ಅಡ್ಡಾದಿಡ್ಡಿಯಾದರೆ ಅದು ಗಾಳಿ-ದೃಷ್ಟಿಯಲ್ಲ, ಚಿಕಿತ್ಸೆಯಿರುವ ಕಾಯಿಲೆ. ಅವಳೊಬ್ಬಳನ್ನೇ ಮಗುವಿನ ಜೊತೆ ಬಿಡದೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ.

ಮಗು ಹಾಲು ಬಿಟ್ಟರೆ, ಜೋಲುಬಿದ್ದರೆ, ಮೈ ಸುಡುತ್ತಿದ್ದರೆ, ಅಂಗೈ-ಅಂಗಾಲು ಹಳದಿಯಾದರೆ ತಡ ಮಾಡಬೇಡಿ. ಉಸಿರು ಅನುಮಾನವಾದರೆ ಅಂಗಿ ಎತ್ತಿ, ಅಳು ನಿಂತಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 60 ದಾಟಿದರೆ ಮತ್ತೊಮ್ಮೆ ಎಣಿಸಿ. ಮತ್ತೆಯೂ ದಾಟಿದರೆ, ಅಥವಾ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ 108ಕ್ಕೆ ಕರೆ ಮಾಡಿ. ಹೊರಡುವಾಗ ತಾಯಿ ಕಾರ್ಡ್ ಜೊತೆಗಿರಲಿ. ಮಗುವನ್ನು ದಾರಿಯುದ್ದಕ್ಕೂ ತಾಯಿಯ ಎದೆಗೆ ಆನಿಸಿಯೇ ಕರೆದೊಯ್ಯಿರಿ. ಹಾಲು ಕುಡಿಯುವ ಸ್ಥಿತಿಯಲ್ಲಿದ್ದರೆ ದಾರಿಯಲ್ಲೂ ಕುಡಿಸುತ್ತಿರಿ.

— ಸಂಪಾದಕರು